ತರಕಾರಿ ಹೆಸರಿನ ಪುಸ್ತಕ

ಕ್ಲಿನಿಕ್ಕಿನ ಹಿಂದಿನ ಕೋಣೆ
ಬುಧವಾರ, ಒಂಬತ್ತನೇ ತಾರೀಖು, ಮಧ್ಯಾಹ್ನ

ಪ್ರೀತಿಯ ದೊಡ್ಡಮ್ಮಾ,

ಸೋಮವಾರ ಹಾಡಹಗಲೇ ಏಳು ಜನ ಗಂಡಸರು ನಿನ್ನ ಕ್ಲಿನಿಕ್ಕಿಗೆ ನುಗ್ಗಿ ಟೈಲರ್ ಮಾಮನ ಬಲಗೈ ಜಜ್ಜಿದರು. ಇದನ್ನು ಬಚ್ಚಿಟ್ಟು ಮೊದಲು ಕುಶಲ ಕೇಳುವಷ್ಟು ಸಭ್ಯತೆ ನನ್ನಲ್ಲಿಲ್ಲ. ಈಗ ಕೇಳುತ್ತೇನೆ: ಮಂಡಿಯ ಹೊಲಿಗೆ ಬಿಚ್ಚಿದರೇ? ಕೋಲು ಹಿಡಿದು ನಡೆಯುತ್ತಿದ್ದೀಯೋ, ಕೋಲು ತೋರಿಸಿ ಅಕ್ಕನನ್ನು ಹೆದರಿಸುತ್ತಿದ್ದೀಯೋ? ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನಿನ್ನ ಮಗಳು, "ಅಮ್ಮಂಗೆ ರೆಸ್ಟ್ ಬೇಕು ಕಣೇ, ನಿಮ್ಮ ಕ್ಲಿನಿಕ್ ಪುರಾಣ ಆಮೇಲೆ" ಎಂದು ಇಟ್ಟುಬಿಟ್ಟಳು. ಅದಕ್ಕೇ ಈ ಕಾಗದ ಬಸ್ ಕಂಡಕ್ಟರನ ಕೈಯಲ್ಲಿ ಬರುತ್ತಿದೆ. ನಿನಗೇ ಕೊಡಬೇಕೆಂದು ಹೇಳಿದ್ದೇನೆ.

ಇಪ್ಪತ್ತೆರಡು ವರ್ಷದಲ್ಲಿ ಈ ಗೋಡೆಗಳು ಕಂಡದ್ದು ಕಡಿಮೆಯೇನಲ್ಲ. ಮಾಮ ತಮ್ಮ ಅಂಗಡಿಯ ಹಿಂದಿನ ಅಳತೆ ಕೋಣೆಯನ್ನು ನಿನಗೆ ಬಿಟ್ಟುಕೊಟ್ಟ ವಾರವೇ ಬಾಗಿಲಿಗೆ ಹೇಲು ಎರಚಿದ್ದರು. ಎರಡನೇ ವರ್ಷ ಕಲ್ಲು ಬಿದ್ದು ನಿನ್ನ ಹುಬ್ಬು ಒಡೆದಾಗ, ಪುಕ್ಕಟೆ ನೋಡಲು ಬರುತ್ತಿದ್ದ ಡಾಕ್ಟರು ಅಲ್ಲೇ ಹೊಲಿಗೆ ಹಾಕಿದರಂತೆ. ಮರಗಟ್ಟಿಸುವ ಇಂಜೆಕ್ಷನ್ ರೋಗಿಗಳಿಗಿರಲಿ ಎಂದು ನೀನು ಹಾಗೇ ಹಲ್ಲು ಕಚ್ಚಿ ಕೂತೆಯಂತೆ. ಐದನೇ ವರ್ಷ ಅಧಿಕಾರಿಗಳು ಬೀಗ ಜಡಿದರು, ನೀನು ಸುತ್ತಿಗೆಯಿಂದ ಒಡೆದೆ. ಆದರೂ ಜನ ಬಂದರು. ಹರಿದ ಅಂಗಿ, ಗುಂಡಿ ಕಿತ್ತ ಪ್ಯಾಂಟು ಕಂಕುಳಲ್ಲಿಟ್ಟುಕೊಂಡು ರಿಪೇರಿಗೆ ಬಂದವರ ಹಾಗೆ ಬಂದರು. ಗುಪ್ತರೋಗವೆಂದು ಊರು ಪಿಸುಗುಟ್ಟುವುದನ್ನೆಲ್ಲ ನಿನ್ನೆದುರು ನೆಟ್ಟಗೆ ಹೇಳಿಕೊಂಡರು. ನೀನು ಯಾರ ಹೆಸರನ್ನೂ ಕೇಳಲಿಲ್ಲ, ಒಬ್ಬೊಬ್ಬರಿಗೆ ಒಂದೊಂದು ತರಕಾರಿ ಹೆಸರಿಟ್ಟೆ. ಮೂಲಂಗಿಗೆ ಇಂಜೆಕ್ಷನ್, ಕುಂಬಳಕಾಯಿಗೆ ರಕ್ತಪರೀಕ್ಷೆ. "ಬದನೆಕಾಯಿ ಬೇಡ ಸಿಸ್ಟರ್, ಸ್ವಲ್ಪ ಮರ್ಯಾದಸ್ಥ ತರಕಾರಿ ಇದ್ರೆ ಕೊಡಿ" ಎಂದ ಆ ಮುದುಕನ ಕಥೆ ಹೇಳಿ ಎಷ್ಟು ಸಲ ನಕ್ಕಿಲ್ಲ ನೀನು!

ಸೋಮವಾರ ಬಂದವರ ಮುಂದಾಳು ಲಾರಿ ಮಾಲೀಕ. ಹೆಂಡತಿಯ ದಿಂಬಿನ ಕೆಳಗೆ ನಮ್ಮ ಮಾತ್ರೆ ಪೊಟ್ಟಣ ಸಿಕ್ಕಿತ್ತಂತೆ. ಅವಳಿಗೆ ಕಾಯಿಲೆ ಅಂಟಿಸಿದವನು ತಾನೇ ಎಂಬುದು ಮಾತ್ರ ಅವನ ತಲೆಗೆ ಹೊಳೆದಿಲ್ಲ. "ಯಾರ್ಯಾರ ಹೆಂಡ್ತೀರು ಇಲ್ಲಿಗೆ ಬರ್ತಾರೆ? ಹೆಸರಿನ ಪುಸ್ತಕ ತೆಗೀರಿ" ಎಂದು ಕಿರುಚಿದ. ಮಾಮ ಬಾಗಿಲಿಗೆ ಅಡ್ಡ ನಿಂತು, "ಅಳತೆ ಕೊಡೋದಿದ್ರೆ ಒಬ್ಬೊಬ್ರೇ ಬನ್ನಿ" ಎಂದರು. ಬಂದವರು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಾಮನ ಕೈಯನ್ನು ಒತ್ತಿಹಿಡಿದು ಮಾಮನದೇ ಇಸ್ತ್ರಿಪೆಟ್ಟಿಗೆಯಿಂದ ಕುಟ್ಟಿದರು. ಎರಡನೇ ಏಟಿಗೆ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ನಾನು ಒಬ್ಬನ ಮಣಿಕಟ್ಟಿಗೆ ಬಾಯಿ ಹಾಕಿ ರಕ್ತ ಬರುವ ತನಕ ಬಿಡಲಿಲ್ಲ. ಅವನು ನನ್ನ ಜಡೆ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ. ಮೈಕ್ರೋಸ್ಕೋಪು ಬೀದಿಗೆ ಹಾರಿತು. ಹೊಲಿಗೆ ಯಂತ್ರದ ಹಿಂದೆ ಮುದುಡಿ ಕೂತಿದ್ದ ಬಸುರಿಯ ಬೆನ್ನಿಗೂ ಒದ್ದರು. ಕೊನೆಗೆ ದೊಡ್ಡ ಪುಸ್ತಕ ಸಿಕ್ಕಿತು. ಲಾರಿ ಮಾಲೀಕ ಗಟ್ಟಿಯಾಗಿ ಓದಿದ: "ಹೀರೇಕಾಯಿ, ಎರಡನೇ ಡೋಸು. ಗೆಣಸು, ವಾಸಿಯಾಗಿದೆ. ಏನೇ ಇದು, ಅಡುಗೆಮನೇನಾ?" ನೆಲದಲ್ಲಿ ಬಿದ್ದಿದ್ದ ಮಾಮ ನಕ್ಕುಬಿಟ್ಟರು. ನಕ್ಕ ಬಾಯಿಗೂ ಒದೆ ಬಿತ್ತು.

ಮಾಮ ಆಸ್ಪತ್ರೆಯಲ್ಲಿದ್ದಾರೆ. ಮೂರು ಬೆರಳು ಇನ್ನು ಸೂಜಿ ಹಿಡಿಯುವುದಿಲ್ಲವಂತೆ. ಬಸುರಿಯ ಮಗುವಿಗೆ ಏನೂ ಆಗಿಲ್ಲ. ಪೊಲೀಸರು ದೂರು ಬರೆದುಕೊಳ್ಳುವ ಮೊದಲು, "ನಿನಗ್ಯಾಕಮ್ಮ ಈ ಹೊಲಸು ಕೆಲಸ, ಮದುವೆ ಆಗ್ಬೇಕಾದವಳು" ಎಂದರು. ರೋಗಕ್ಕೆ ಔಷಧಿ ಕೊಡುವುದು ಹೊಲಸು, ಕೈ ಮುರಿಯುವುದು ಮರ್ಯಾದೆ! ಊದಿದ ತುಟಿಯಲ್ಲಿ ಮಾಮ ಹೇಳಿದ್ದು ಒಂದೇ ಮಾತು: "ನಿನ್ನ ದೊಡ್ಡಮ್ಮಂಗೆ ಹೇಳು, ಒಂದು ಹೆಸರೂ ಹೋಗಿಲ್ಲ ಅಂತ." ಹೇಳಿದ್ದೇನೆ.

ಅಕ್ಕನಿಗೂ ಭಾವನಿಗೂ ನನ್ನ ನೆನಪು ತಿಳಿಸು. ನಿನ್ನ ಮಂಡಿಗೆ ಬೇಗ ಬಲ ಬರಲಿ.

ನಿನ್ನ ಜಗಳಗಂಟಿ

ಮರೆತದ್ದಲ್ಲ, ಬರೆಯಲಾರದೆ ಉಳಿಸಿಕೊಂಡದ್ದು: ಮಾಮನಿಗೆ ಗೊತ್ತಿಲ್ಲ, ಹೆಸರು ಹೋಗಿವೆ. ನೀನು ಊರು ಬಿಟ್ಟ ಮೇಲೆ ನಾನು ಬೇರೊಂದು ನೋಟ್‌ಬುಕ್ ಇಟ್ಟಿದ್ದೆ. ಹೆಸರು ಮುಚ್ಚಿಡುವುದೆಂದರೆ ಅವಮಾನಕ್ಕೆ ಶರಣಾಗುವುದು ಎಂದು ಕರಪತ್ರವೊಂದರಲ್ಲಿ ಓದಿದ್ದೆ. ಬಂದವರ ನಿಜವಾದ ಹೆಸರು, ಬೀದಿ ಸಮೇತ ಬರೆದುಕೊಂಡೆ. ಹದಿನಾಲ್ಕು ಹೆಂಗಸರು. ಹಿಂಜರಿದವರಿಗೆ ಭಾಷಣ ಬಿಗಿದು ಹೇಳಿಸಿದೆ. ಸೋಮವಾರ ಅದೂ ಲಾರಿ ಮಾಲೀಕನ ಕೈ ಸೇರಿದೆ. ನಿನ್ನೆ ಬೆಳಿಗ್ಗೆ ಪಟ್ಟಿಯ ಮೊದಲನೆಯವಳ ಮುಖಕ್ಕೆ ಗಂಡ ಕುದಿಯುವ ನೀರು ಎರಚಿದ. ಉಳಿದ ಹದಿಮೂರು ಬಾಗಿಲನ್ನೂ ತಟ್ಟಿದೆ. ಆರು ಜನ ಸಿಕ್ಕ ಕಡೆ ಹೋಗಿ ಅಡಗಿಕೊಂಡರು. ಏಳು ಜನ ನನ್ನನ್ನು ಕಂಡು ಚಿಲಕ ಹಾಕಿಕೊಂಡರು. "ಸಿಸ್ಟರ್ ಬಂದು ಹೇಳ್ಲಿ, ನಿನ್ನ ಮಾತು ಕೇಳಿದ್ದೇ ಸಾಕು" ಎಂದಳು ಒಬ್ಬಳು ಕಿಟಕಿಯಿಂದ. ಉಳಿದ ಗಂಡಂದಿರಿಗೆ ನಾಳೆ ಸಂಜೆ ಚೌಕದಲ್ಲಿ ಹೆಸರು ಓದಿ ಹೇಳುತ್ತೇನೆಂದು ಲಾರಿ ಮಾಲೀಕ ಸಾರಿಕೊಂಡು ತಿರುಗುತ್ತಿದ್ದಾನೆ. ನನಗೆ ಬೈಯುವುದಿದ್ದರೆ ಬಸ್ಸಿಳಿದ ಮೇಲೆ ಬೈ. ಗಾಲಿಕುರ್ಚಿ ತಂದು ನಿಂತಿರುತ್ತೇನೆ. ಬಸ್ ನಿಲ್ದಾಣ, ನಾಳೆ ಗುರುವಾರ, ಬೆಳಿಗ್ಗೆ ಹತ್ತು ಗಂಟೆ.