ಹಲಸಿನ ಮರದ ರೈಲು ಕಂಬಿ

ಮೂಡಿಗೆರೆ
೧೧ ಜನವರಿ ೨೦೨೫

ಕೃತಿಕಾಳ ಅಪ್ಪನಿಗೆ,

ಶಾಂತಕುಮಾರಿ ಮಾಡುವ ನಮಸ್ಕಾರಗಳು. ಮಂಡಿನೋವು ಹೇಗಿದೆ? ಎಣ್ಣೆ ಹಚ್ಚುತ್ತಿದ್ದೀರೋ, ಇಲ್ಲ ಬೀರೂರಿನ ಗಾಳಿಗೇ ವಾಸಿಯಾಯಿತೋ? ಫೋನ್ ಮಾಡಿದರೆ "ಮೀಟಿಂಗ್‌ನಲ್ಲಿದ್ದೀನಿ ಕಣೇ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಇದನ್ನು ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲ.

ನಿಮ್ಮ ಹುಟ್ಟೂರಿನ ರೈಲ್ವೆ ಇತಿಹಾಸದ ಪ್ರದರ್ಶನ ಮಾಡಿ, ಬೇಡ ಅಂದವರು ಯಾರು? ಹಳೆಯ ಲಾಟೀನು, ಹಸಿರು ಬಾವುಟ, ಏನು ಬೇಕಾದರೂ ಇಡಿ. ಆದರೆ ಕಾಫಿ ಕೊಯ್ಲಿನ ನಡುವೆ ತೋಟದ ಹಲಸಿನ ಮರಕ್ಕೆ ತೂಗುಹಾಕಿದ್ದ ಆ ರೈಲು ಕಂಬಿಯ ತುಂಡು ಬಿಚ್ಚಿಕೊಂಡು ಹೋಗುವ ಬುದ್ಧಿ ಯಾರು ಕೊಟ್ಟರು ನಿಮಗೆ? ಅದನ್ನು ಬಾರಿಸಿದರೆ ಹಳ್ಳದಾಚೆಯ ಮನೆಗಳಿಗೂ ಕೇಳಿ ಆಳುಗಳು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬರುತ್ತಿದ್ದರು. ಈಗ ಮೇಸ್ತ್ರಿ ರೇವಣ್ಣ ತಟ್ಟೆ ಬಡಿಯುತ್ತಾನೆ. ನಾಯಿಗಳು ಮಾತ್ರ ಬರುತ್ತವೆ. ಕಾಫಿ ಹಣ್ಣು ಗಿಡದಲ್ಲೇ ಒಣಗಿ ಉದುರುತ್ತಿದೆ.

ಅದೂ ಹೋಗಲಿ, ಮಾವನವರ ಗತಿ ಏನು? ಬೀರೂರು ಸ್ಟೇಷನ್ನಿನಲ್ಲಿ ಗಾಡಿ ಬರುವ ಮುಂಚೆ ಆ ಕಂಬಿ ಬಾರಿಸುತ್ತಿದ್ದವರು ನಿಮ್ಮ ಅಪ್ಪನೇ ಅಲ್ಲವೇ? ಹಳೆಯ ಹಳಿ ಕಿತ್ತಾಗ ಗುಜರಿಯವನ ಕೈಯಿಂದ ಬಿಡಿಸಿಕೊಂಡು ತೋಟಕ್ಕೆ ತಂದವರೂ ಅವರೇ. ಇಷ್ಟು ವರ್ಷ ಬೇರೆಯವರಿಗೆ ಸುತ್ತಿಗೆ ಮುಟ್ಟಲೂ ಬಿಟ್ಟಿರಲಿಲ್ಲ. ಈಗಲೂ ಬೆಳಿಗ್ಗೆ ಸುತ್ತಿಗೆ ಹಿಡಿದು ಮರದಡಿ ಹೋಗಿ ನಿಲ್ಲುತ್ತಾರೆ. ಬರೀ ಸರಪಳಿ ನೋಡಿ, "ಏನಮ್ಮಾ, ನನ್ನ ಕೆಲ್ಸದಿಂದ ತೆಗ್ದುಬಿಟ್ರಾ?" ಎಂದು ಕೇಳುತ್ತಾರೆ. ಅಳು ಬರುತ್ತದೆ, ನಿಮ್ಮ ಮೇಲೆ ಸಿಟ್ಟೂ ಬರುತ್ತದೆ.

ಆಮಂತ್ರಣ ಪತ್ರಿಕೆ ನೋಡಿದೆ. ನಾಳೆ ಮುಖ್ಯ ಅತಿಥಿಗಳು ಕಂಬಿ ಬಾರಿಸಿ ಉದ್ಘಾಟನೆ ಮಾಡುತ್ತಾರಂತೆ. ಊರಿನವರ ಹೆಸರೆಲ್ಲ ಇದೆ, ಶಾಮಿಯಾನದವನದೂ ಇದೆ. ಮಾವನವರದು ಎಲ್ಲಿ ರೀ? ಬದುಕಿರುವವರನ್ನು ಇತಿಹಾಸಕ್ಕೆ ಸೇರಿಸಿಕೊಳ್ಳುವುದಿಲ್ಲವೇ?

ಕೃತಿಕಾ ಚೆನ್ನಾಗಿದ್ದಾಳೆ, ನಿಮ್ಮನ್ನು ಕೇಳುತ್ತಿರುತ್ತಾಳೆ. ನಿಮ್ಮ ಅಣ್ಣ, ಅತ್ತಿಗೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಭಾಷಣದ ಗಡಿಬಿಡಿಯಲ್ಲಿ ಊಟ ಬಿಡಬೇಡಿ.

ಇಂತು, ಸಾಕಾಗಿ ಹೋಗಿರುವ
ನಿಮ್ಮ ಶಾಂತಾ

ತಾ.ಕ.: ಈ ಕಾಗದ ತಂದುಕೊಟ್ಟ ಡ್ರೈವರ್ ದೇವರಾಜನನ್ನು ಹಾಗೇ ಕಳಿಸಬೇಡಿ. ಹೊರಗೆ ಬಂದು ಪಿಕಪ್ ನೋಡಿ. ಮುಂದಿನ ಸೀಟಿನಲ್ಲಿ ಮಾವನವರು ಕೂತಿದ್ದಾರೆ, ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡು, ತೊಡೆಯ ಮೇಲೆ ಸುತ್ತಿಗೆ ಇಟ್ಟುಕೊಂಡು. ಅತಿಥಿಗಳಿಗಿಂತ ಮೊದಲು ಅವರು ಬಾರಿಸಲಿ. ಆಮೇಲೆ ಕಂಬಿಯನ್ನು ಗಾಡಿಗೆ ಹಾಕಿಸಿ, ನೀವೂ ಹತ್ತಿ.