ಖಾಲಿ ಹಾಳೆಯ ಅಧ್ಯಾಯ

ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ನನ್ನ ಗುಬ್ಬಿಗೆ, ದೊಡ್ಡಮ್ಮ ದೂರದಿಂದಲೇ ತಲೆ ಸವರಿ ಬರೆಯುವ ಕಾಗದ.

ಈ ಭಾನುವಾರ ಮಗಳಿಗೆ ಆರು ತುಂಬುತ್ತದೆ, ಅವಳನ್ನು ‘ನಮ್ಮ ಪುಸ್ತಕ’ದ ಸಿನಿಮಾಕ್ಕೆ ಕರೆದೊಯ್ಯುತ್ತೇನೆ ಎಂದು ಬರೆದಿದ್ದೀಯ. ಅದಕ್ಕೇ ಈ ಆತುರ. ನಾನು ಮಂಗಳವಾರವೇ ನೋಡಿಬಂದೆ. ತಡೆಯಲಾಗಲಿಲ್ಲ, ಬೈಯಬೇಡ.

ಮೊದಲು ಜಗಳದ ಮಾತು. ನರಿಬಾಲದ ಅಂಬಿಗನಿಗೆ ವಾರ್ತೆ ಓದುವವನ ಗಂಟಲು ಕೊಟ್ಟಿದ್ದಾರೆ. ಚಿಕ್ಕವಳಿದ್ದ ನಿನಗೆ ನಾನು ಓದಿ ಹೇಳುವಾಗ ಅವನಿಗೆ ಸದಾ ನೆಗಡಿ. ನಿಜಕ್ಕೂ ನೆಗಡಿಯಾಗಿದ್ದು ನನಗೆ, ಆದರೆ ನನ್ನದು ವಾಸಿಯಾದ ಮೇಲೂ ಅಂಬಿಗ ಮೂಗಲ್ಲೇ ಮಾತಾಡಬೇಕೆಂದು ನೀನು ಹಟ ಹಿಡಿದೆ. ಮಾತಾಡುವ ಮರಗಳೂ ಅಷ್ಟೆ. ನಮ್ಮ ಮನಸ್ಸಿನಲ್ಲಿ ಅವು ದಿನಕ್ಕೊಂದು ಎತ್ತರ ಇರುತ್ತಿದ್ದವು. ತೆರೆಯ ಮೇಲೆ ಮೂರು ಮಹಡಿ ಅಂದರೆ ಮೂರೇ ಮಹಡಿ. ಆದರೂ ಹಿಮದ ಬಾಗಿಲು ತೆರೆದಾಗ ನಾನೂ ಪಕ್ಕದ ಸೀಟಿನ ಮಗುವೂ ಒಟ್ಟಿಗೆ ಉಸಿರು ಬಿಗಿಹಿಡಿದೆವು. ಸುಳ್ಳೇಕೆ ಹೇಳಲಿ.

ಇಂಟರ್‌ವಲ್ ಆದಮೇಲೆ ಒಂಬತ್ತನೇ ಅಧ್ಯಾಯ ಬಂತು. ಇಲ್ಲಿ ನಿನ್ನೆದುರು ಒಂದು ವಿಷಯ ಒಪ್ಪಿಕೊಳ್ಳಬೇಕು. ಆ ಅಧ್ಯಾಯ ನಮ್ಮ ಪ್ರತಿಯಲ್ಲಿ ಇರಲೇ ಇಲ್ಲ. ನಾನು ಕೆಲಸಕ್ಕಿದ್ದ ಲೈಬ್ರರಿಯ ಬೈಂಡಿಂಗ್ ಕೋಣೆಗೆ ಹರಿದು ಬಂದ ಪುಸ್ತಕ ಅದು. ಬಿಚ್ಚಿ ಹೊಲಿಯುವಾಗ ಹದಿನಾರು ಪುಟದ ಒಂದು ಕಟ್ಟನ್ನು ಕೈತಪ್ಪಿ ರದ್ದಿಗೆ ಹಾಕಿಬಿಟ್ಟೆ. ಬೆನ್ನು ತೆಳುವಾದರೆ ಮೇಸ್ತ್ರಿಗೆ ಗೊತ್ತಾದೀತೆಂದು ಅಷ್ಟೇ ಖಾಲಿ ಹಾಳೆ ಸೇರಿಸಿ ಹೊಲಿದೆ. ಅವರು ಬಿಡುತ್ತಾರೆಯೇ, ಬೈದು ಪುಸ್ತಕವನ್ನು ನನ್ನ ಕೈಗೇ ತುರುಕಿದರು. ಹಾಗೆ ಅದು ಮನೆಗೆ ಬಂತು.

ನಿನಗಾಗ ಆರು ವರ್ಷ, ಇನ್ನೂ ಓದಲು ಬಾರದು. ನಿನ್ನಮ್ಮ, ನನ್ನ ತಂಗಿ, ತೀರಿಕೊಂಡ ಮರುವಾರ ಆ ಅಧ್ಯಾಯದ ಸರದಿ. ಖಾಲಿ ಹಾಳೆ ನೋಡುತ್ತಾ ನಾನೇ ಕಟ್ಟಿ ಓದಿದೆ. ಹುಡುಗಿ ಗಾಜಿನ ಕೋಣೆಗೆ ಬರುತ್ತಾಳೆ. ಒಳಗೆ ಅವಳ ಅಮ್ಮ ಬೆನ್ನು ಹಾಕಿ ಕೂತಿದ್ದಾಳೆ, ಒಂದೇ ಕಾಲಿಗೆ ಬೂದು ಕಾಲುಚೀಲ. ನನ್ನನ್ನು ನೋಡಲು ಬರಬೇಡ ಪುಟ್ಟಾ, ಹೋಗು, ಆಡಿಕೋ ಅನ್ನುತ್ತಾಳೆ. ನೀನು ಅತ್ತೆ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬಾ ಉಂಡೆ.

ಗುಬ್ಬಿ, ಮಂಗಳವಾರ ತೆರೆಯ ಮೇಲೆ ಆ ಗಾಜಿನ ಕೋಣೆ ಇತ್ತು. ಆ ಒಂದೇ ಕಾಲುಚೀಲವೂ ಇತ್ತು. ನೀನು ಯಾರಿಗೋ ಹೇಳಿ, ಅದು ಬಾಯಿಂದ ಬಾಯಿಗೆ ಸಿನಿಮಾದವರ ತನಕ ಹೋಗಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಬೆನ್ನು ಹಾಕಿ ಕೂತಿದ್ದ ಆ ಅಮ್ಮ ತಿರುಗಿದಳು. ನನ್ನ ಕಥೆಯಲ್ಲಿ ಅವಳು ತಿರುಗುವುದಿಲ್ಲ. ತಿರುಗಿದ್ದೂ ಹುಡುಗಿಯ ಕಡೆಗಲ್ಲ, ನೇರ ನಾನು ಕೂತ ಸಾಲಿನ ಕಡೆಗೆ.

"ಅಕ್ಕಾ, ಅವಳನ್ನ ಯಾಕೆ ಕರ್ಕೊಂಡು ಬರ್ಲಿಲ್ಲ?"

ಆಸ್ಪತ್ರೆಯಲ್ಲಿ ಕೊನೆಯ ಮೂರು ದಿನ ನಿನ್ನಮ್ಮ ನನ್ನನ್ನು ಕೇಳಿದ್ದು ಇದನ್ನೇ. ನಿನಗೆ ಜ್ವರ ಎಂದು ಅವಳಿಗೆ ಹೇಳಿದೆ. ಅಮ್ಮನೇ ಬರಬೇಡ ಅಂದಳು ಎಂದು ನಿನಗೆ ಹೇಳಿದೆ. ಎರಡೂ ಸುಳ್ಳು. ಮೈಗೆಲ್ಲ ಸಿಕ್ಕಿಸಿದ್ದ ಆ ನಳಿಕೆಗಳ ನಡುವೆ ಅವಳನ್ನು ಮಗು ನೋಡಬಾರದು ಅನಿಸಿತ್ತು. ನೀವಿಬ್ಬರೂ ಒಬ್ಬರನ್ನೊಬ್ಬರು ನೋಡುವುದನ್ನು ನೋಡಲು ನನಗೇ ಧೈರ್ಯವಿರಲಿಲ್ಲ ಅನ್ನುವುದು ಹೆಚ್ಚು ನಿಜ. ಅಮ್ಮ ತನ್ನನ್ನು ಬೇಡವೆಂದಳು ಎಂದು ಮೂವತ್ತು ವರ್ಷ ನಂಬಿಕೊಂಡು ಬಂದಿದ್ದೀಯ. ಬೇಡ ಅಂದವಳು ನಾನು. ಇದು ನಿನಗೆ ಬೇರೆಲ್ಲೋ ಕತ್ತಲಲ್ಲಿ ಕೂತಾಗ ತಿಳಿಯುವುದು ಬೇಡ, ನನ್ನಿಂದಲೇ ತಿಳಿಯಲಿ. ಕೋಪ ಬಂದರೆ ಬರಲಿ, ಎಷ್ಟು ದಿನ ಬೇಕೋ ಇರಲಿ. ಕಾಗದ ಮಾತ್ರ ನಿಲ್ಲಿಸಬೇಡ ಕಂದಾ.

ನಿನ್ನ ತಪ್ಪಿತಸ್ಥೆ,
ದೊಡ್ಡಮ್ಮ

ಇನ್ನೊಂದು ಮಾತು: ನಿನ್ನಮ್ಮನಲ್ಲಿ ಕ್ಷಮೆ ಕೇಳೋಣವೆಂದು ನಿನ್ನೆ ಮತ್ತೆ ಸಿನಿಮಾಕ್ಕೆ ಹೋಗಿದ್ದೆ. ಗಾಜಿನ ಕೋಣೆ ಬರಬೇಕಾದ ಜಾಗದಲ್ಲಿ ದೋಣಿ ಪಂದ್ಯ ಇತ್ತು. ಟಿಕೆಟ್ ಕೊಡುವವಳನ್ನು ಕೇಳಿದರೆ, ಮೊದಲ ದಿನದಿಂದಲೂ ಅಲ್ಲಿರುವುದು ದೋಣಿ ಪಂದ್ಯವೇ ಅಂದಳು. ಹಾಗಾಗಿ ಸಿನಿಮಾಕ್ಕೆ ಧೈರ್ಯವಾಗಿ ಹೋಗು. ಆದರೆ ಮಂಗಳವಾರ ನಿನ್ನಮ್ಮ ಇನ್ನೂ ಒಂದು ಕೇಳಿದ್ದಳು, ನನ್ನ ಮಗಳು ಈಗ ಎಲ್ಲಿದ್ದಾಳೆ ಎಂದು. ಮುಂದಿನ ಸಾಲಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ನಿನ್ನ ಮನೆಯ ವಿಳಾಸ ಹೇಳಿಬಿಟ್ಟಿದ್ದೇನೆ. ಅವಳು ಹುಡುಕುವುದು ಆರು ವರ್ಷದ ಹುಡುಗಿಯನ್ನು. ಯಾರಾದರೂ ಬಾಗಿಲು ತಟ್ಟಿದರೆ ನೀನೇ ಹೋಗಿ ತೆಗೆ, ಮಗಳನ್ನು ಕಳಿಸಬೇಡ.