ಸೋಮವಾರ ಬರಲಿರುವ ನರ್ಸ್

ಮಾನ್ಯ ಮುಖ್ಯ ವೈದ್ಯರಿಗೆ ನಮಸ್ಕಾರಗಳು.

ನರ್ಸ್‌ಗಳ ನೇಮಕಾತಿಗೆ ತಂದ ಎಐ ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳಿದ್ದಿರಿ. ಸಂದರ್ಶನದ ಸಮಯ ಹೊಂದಿಸಲು ಚೆನ್ನಾಗಿದೆ. ಆಯ್ಕೆಯನ್ನು ಅದರ ಕೈಗೆ ಕೊಡಲು ಮಾತ್ರ ನನಗೆ ಭಯ. ಸುಟ್ಟಗಾಯದ ವಾರ್ಡಿನಲ್ಲಿ ದುಡಿದಿದ್ದ ಒಬ್ಬರನ್ನು, ನಡುವೆ ಕೆಲವು ವರ್ಷ ಕೆಲಸ ಬಿಟ್ಟಿದ್ದರೆಂದು, ಅದು ತಳ್ಳಿಹಾಕಿತು. ಮನಸ್ಸು ತಡೆಯದೆ ಅವರಿಗೆ ಫೋನ್ ಮಾಡಿದೆ.

"ಬೇಡ ಅಂತ ಮೆಸೇಜ್ ಬಂತಲ್ಲ ಮೇಡಂ, ಮತ್ಯಾಕೆ ಫೋನು?" ಎಂದರು.

ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದೆ.

"ಅತ್ತೆ ಹಾಸಿಗೆ ಹಿಡಿದಿದ್ರು. ಕೊನೇವರೆಗೂ ನಾನೇ ನೋಡ್ಕೊಂಡೆ."

ನಿಮ್ಮನ್ನು ಕೇಳದೆಯೇ ಸೋಮವಾರ ಸಂದರ್ಶನಕ್ಕೆ ಬರಲು ಹೇಳಿಬಿಟ್ಟೆ. ಬಯ್ಯುವುದಿದ್ದರೆ ನನ್ನನ್ನು ಬಯ್ಯಿರಿ, ಅವರನ್ನು ಮಾತ್ರ ನೀವೇ ಕೂರಿಸಿ ಮಾತಾಡಿಸಿ. ಎಐ ಬೇಡವೆಂದ ಉಳಿದವರಿಗೂ ಫೋನ್ ಮಾಡಲು ದಯವಿಟ್ಟು ಅಪ್ಪಣೆ ಕೊಡಿ. ಅವರು ಬೇರೆ ಕೆಲಸ ಹಿಡಿಯುವ ಮುಂಚೆ.

ನಿಮ್ಮ ಉತ್ತರದ ದಾರಿ ಕಾಯುತ್ತಾ,
ನೇಮಕಾತಿ ವಿಭಾಗದ ಸಹಾಯಕಿ